ಮ್ಯಾಚ್ ನೋಡಲು ಬಂದವರು ಮುಶೈರಿಬ್‌ನಲ್ಲಿ ಹೊರಗೆ ಬರಬೇಕಿತ್ತು

ವಿಶ್ವಕಪ್ ನಡೆಯುವಾಗ ಆ ಊರಿನ ಮ್ಯೂಸಿಯಂಗೂ ಹೋಗಿ ಬನ್ನಿ ಅಂದರೆ ಜನ ನಗುತ್ತಾರೆ. ಇಷ್ಟು ದುಡ್ಡು ಸುರಿದು ಫುಟ್‌ಬಾಲ್ ನೋಡಲು ಬಂದವರಿಗೆ ಹಳೇ ಮಡಕೆ ತೋರಿಸ್ತೀಯಾ ಅಂತ. ನಾನು ಈ ಮಾತನ್ನು 2022ರಿಂದ ಹೇಳುತ್ತಲೇ ಇದ್ದೇನೆ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಅಮೆರಿಕ, ಕೆನಡಾ, ಮೆಕ್ಸಿಕೊದ ವಿಶ್ವಕಪ್ ವಿಷಯ ಬಂದಾಗ ಮತ್ತೆ ಹೇಳಿದೆ, ಮತ್ತೆ ನಕ್ಕರು. ಗ್ರೂಪಿನಲ್ಲಿ ಜಗಳ ಯಾಕೆ, ಇಲ್ಲೇ ಬರೆಯುತ್ತೇನೆ.

ನಾನು ಕತಾರ್‌ನ ದೋಹಾದಲ್ಲಿ ಕೆಲಸ ಮಾಡುವವನು. 2022ರ ನವೆಂಬರ್ 20ರಿಂದ ಡಿಸೆಂಬರ್ 18ರವರೆಗೆ ಈ ಊರು ಊರಾಗಿರಲಿಲ್ಲ, ಜಾತ್ರೆಯಾಗಿತ್ತು. ಒಟ್ಟು 64 ಪಂದ್ಯ, 8 ಸ್ಟೇಡಿಯಂ, ಎಲ್ಲವೂ ದೋಹಾ ಮತ್ತು ಅದರ ಸುತ್ತಮುತ್ತ. ಕಡಲ ದಂಡೆಯ ಕಾರ್ನಿಶ್ ರಸ್ತೆಯಲ್ಲಿ ಕಾರುಗಳನ್ನೇ ನಿಲ್ಲಿಸಿ, ಜನ ನಡೆಯಲು ಬಿಟ್ಟಿದ್ದರು. ಸೂಕ್ ವಾಕಿಫ್ ಅನ್ನುವ ಹಳೇ ಪೇಟೆಯ ಹತ್ತಿರ ಎತ್ತರದ ಕುರ್ಚಿಯಲ್ಲಿ ಕೂತ ಕೆನ್ಯಾದ ಹುಡುಗ, ದೊಡ್ಡ ಸ್ಪಾಂಜಿನ ಕೈ ತೋರಿಸುತ್ತಾ "ಮೆಟ್ರೊ? ದಿಸ್ ವೇ" ಅಂತ ಕೂಗುತ್ತಿದ್ದ. ಆ ವಿಡಿಯೋ ನೀವೂ ನೋಡಿರುತ್ತೀರಿ. ಸುತ್ತ ನಿಂತ ಜನರೆಲ್ಲ ಅವನ ಜೊತೆ ಹಾಡಿನ ಹಾಗೆ ಕೂಗುತ್ತಿದ್ದರು.

ಆಗ ಮಂಗಳೂರಿನಿಂದ ನಮ್ಮ ಭಾವ ಬಂದಿದ್ದರು. ಅರ್ಜೆಂಟೀನಾ ಅಂದರೆ ಜೀವ. ಆದರೆ ಲುಸೈಲ್ ಸ್ಟೇಡಿಯಂನಲ್ಲಿ ನವೆಂಬರ್ 22ರಂದು ಸೌದಿ ಅರೇಬಿಯಾ 2-1ರಿಂದ ಗೆದ್ದುಬಿಟ್ಟಿತು. ಅವತ್ತು ರಾತ್ರಿ ಭಾವ ಊಟ ಮಾಡಲಿಲ್ಲ. ಮುಂದಿನ ಮ್ಯಾಚಿಗೆ ಇನ್ನೂ ದಿನ ಇತ್ತು. ಮ್ಯೂಸಿಯಂಗೆ ಹೋಗೋಣ ಭಾವ ಅಂದೆ. "ಮ್ಯೂಸಿಯಂ ಎಂತಕ್ಕೆ ಮಾರಾಯ, ಊರಲ್ಲಿ ಇಲ್ವಾ?" ಅಂದರು. ಆಮೇಲೆ ಅವರೇ, "ಹೌದು, ಮರಡೋನಾನ ಅಂಗಿ ಇಟ್ಟಿದ್ದಾರಂತಲ್ಲ, ಅದಾದರೆ ಬರ್ತೇನೆ" ಅಂದರು.

ಅಂಗಿ ಇದ್ದದ್ದು ನಿಜ. ಖಲೀಫಾ ಸ್ಟೇಡಿಯಂ ಪಕ್ಕದಲ್ಲೇ 3-2-1 ಅನ್ನುವ ಒಲಿಂಪಿಕ್ ಮತ್ತು ಕ್ರೀಡಾ ಮ್ಯೂಸಿಯಂ ಇದೆ. ಅದೇ ವರ್ಷ ಮಾರ್ಚ್‌ನಲ್ಲಿ ಶುರುವಾಗಿದ್ದು. 1936ರಿಂದ ಈಚಿನ ಒಲಿಂಪಿಕ್ ಜ್ಯೋತಿಯ ಪಂಜುಗಳೆಲ್ಲ ಅಲ್ಲಿ ಸಾಲಾಗಿವೆ. 1986ರಲ್ಲಿ ಇಂಗ್ಲೆಂಡ್ ವಿರುದ್ಧ ಕೈಯಿಂದ ಒಂದು, ಕಾಲಿನಿಂದ ಒಂದು ಗೋಲು ಹೊಡೆದಾಗ ಮರಡೋನಾ ತೊಟ್ಟಿದ್ದ ನೀಲಿ ಅಂಗಿಯನ್ನು ಸಾಲ ತಂದು ಇಟ್ಟಿದ್ದರು. ಆ ಅಂಗಿ 2022ರ ಮೇ ತಿಂಗಳಲ್ಲಿ ಹರಾಜಿನಲ್ಲಿ 71 ಲಕ್ಷ ಪೌಂಡಿಗೆ ಹೋಗಿತ್ತು. ಭಾವ ಅದರ ಮುಂದೆ ಅಲುಗಾಡದೆ ನಿಂತರು. ಹಿಂದಿನವರು ಫೋಟೋಗೆ ಜಾಗ ಬಿಡಿ ಅಂತ ಭುಜ ಮುಟ್ಟಿದರೂ ಗೊತ್ತಾಗಲಿಲ್ಲ.

ಅದು ತಪ್ಪು ಅಂತ ನಾನು ಹೇಳಲ್ಲ. ಆದರೆ ಆ ಅಂಗಿಗೂ ದೋಹಾಕ್ಕೂ ಏನು ಸಂಬಂಧ ಹೇಳಿ? ಅದು ಅರ್ಜೆಂಟೀನಾದವನದು, ಆಟ ನಡೆದದ್ದು ಮೆಕ್ಸಿಕೊದಲ್ಲಿ, ವರ್ಷಗಟ್ಟಲೆ ಇದ್ದದ್ದು ಇಂಗ್ಲೆಂಡ್ ಆಟಗಾರನೊಬ್ಬನ ಹತ್ತಿರ. ನಾಳೆ ಇನ್ಯಾವುದೋ ದೇಶದ ಗಾಜಿನ ಪೆಟ್ಟಿಗೆಯಲ್ಲಿ ಇರುತ್ತದೆ. ದೊಡ್ಡ ಟೂರ್ನಿ ನಡೆಯುವಲ್ಲೆಲ್ಲ ಇಂಥ ಪ್ರದರ್ಶನ ಇದ್ದೇ ಇರುತ್ತದೆ. ನೋಡಬೇಕಾದದ್ದು ಆ ಊರು ಬಿಟ್ಟು ಬೇರೆಲ್ಲೂ ಸಿಗದ ಮನೆಗಳನ್ನು.

ದೋಹಾದಲ್ಲಿ ಅಂಥ ಜಾಗ ಮುಶೈರಿಬ್. ಮೆಟ್ರೊದ ಮೂರೂ ಲೈನ್ ಸೇರುವ ಸ್ಟೇಷನ್ ಅದು. ಲೈನ್ ಬದಲಿಸುವವರಲ್ಲಿ ಬಹಳಷ್ಟು ಜನ ಆ ಪ್ಲಾಟ್‌ಫಾರ್ಮ್ ತುಳಿದೇ ಹೋಗುತ್ತಾರೆ. ಅಲ್ಲಿಂದ ಮೇಲೆ ಬಂದು ಸ್ವಲ್ಪ ನಡೆದರೆ ನಾಲ್ಕು ಹಳೇ ಮನೆಗಳಿವೆ, ನಾಲ್ಕೂ ಮ್ಯೂಸಿಯಂ. ಒಳಗೆ ಹೋಗಲು ದುಡ್ಡಿಲ್ಲ. ನಾವು ಹೋದ ದಿನ ಕೆಳಗೆ ಸ್ಟೇಷನ್ನಿನಲ್ಲಿ ಕಾಲಿಡಲು ಜಾಗ ಇರಲಿಲ್ಲ, ಮೇಲೆ ಈ ಮನೆಗಳಲ್ಲಿ ಬೆರಳೆಣಿಕೆಯ ಜನ.

ಅದರಲ್ಲಿ ಒಂದು ಬಿನ್ ಜೆಲ್ಮೂದ್ ಮನೆ. ಹಿಂದೆ ಗುಲಾಮರ ವ್ಯಾಪಾರಿಯೊಬ್ಬನಿಗೆ ಸೇರಿದ್ದ ಮನೆ. ಈಗ ಅಲ್ಲಿ ಗುಲಾಮಗಿರಿಯ ಚರಿತ್ರೆಯನ್ನೇ ಹೇಳುತ್ತಾರೆ. ಅಟ್ಲಾಂಟಿಕ್ ಸಾಗರದ ಗುಲಾಮರ ವ್ಯಾಪಾರದ ಬಗ್ಗೆ ನಾವು ಒಂದಿಷ್ಟು ಓದಿದ್ದೇವೆ. ನಮ್ಮ ಅರಬ್ಬೀ ಸಮುದ್ರದ ಮೇಲೆ ನಡೆದದ್ದನ್ನು ಯಾರೂ ಹೇಳಿಕೊಟ್ಟಿಲ್ಲ. ಪೂರ್ವ ಆಫ್ರಿಕಾದಿಂದ ಜನರನ್ನು ಹಡಗಿಗೆ ತುಂಬಿ ಕೊಲ್ಲಿಗೆ ತಂದರು. ಖರ್ಜೂರದ ತೋಟಕ್ಕೆ, ಮುತ್ತಿನ ದೋಣಿಗೆ, ಮನೆಗೆಲಸಕ್ಕೆ. ಕತಾರ್‌ನಲ್ಲಿ ಗುಲಾಮಗಿರಿಯನ್ನು ಕಾನೂನಿನಿಂದ ತೆಗೆದುಹಾಕಿದ್ದು 1952ರಲ್ಲಿ. ನಮ್ಮಲ್ಲಿ ಮೊದಲ ಸಾರ್ವತ್ರಿಕ ಚುನಾವಣೆ ಆಗಷ್ಟೇ ಮುಗಿದಿತ್ತು. ಅಷ್ಟು ಹತ್ತಿರದ ಮಾತು ಇದು! ಸರ್ಕಾರ ಪರಿಹಾರ ಕೊಟ್ಟಿದ್ದು ಯಾರಿಗೆ ಗೊತ್ತಾ? ಗುಲಾಮರಿಗಲ್ಲ, ಒಡೆಯರಿಗೆ.

ಅಲ್ಲಿ ನಿಂತಾಗ ನನಗೆ ಯಲ್ಲಾಪುರ, ಹಳಿಯಾಳದ ಆಫ್ರಿಕಾ ಮೂಲದ ಸಿದ್ದಿಗಳು ನೆನಪಾದರು. ಇದೇ ಸಮುದ್ರದ ಮೇಲೆ ಪೋರ್ಚುಗೀಸರ ಕಾಲದಲ್ಲಿ ಗೋವಾಕ್ಕೆ ಬಂದು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು ಅವರಲ್ಲೂ ಇದ್ದಾರೆ. ಕಾಲೇಜು ದಿನಗಳಲ್ಲಿ ಅವರ ಡಮಾಮಿ ಕುಣಿತ ನೋಡಿ ಚಪ್ಪಾಳೆ ತಟ್ಟಿದ್ದೆವು. ಅವರು ಯಾಕೆ ಅಲ್ಲಿದ್ದಾರೆ ಅಂತ ಕೇಳಿದವರು ನಮ್ಮಲ್ಲಿ ಎಷ್ಟು ಜನ?

ಪಕ್ಕದ್ದು ಕಂಪನಿ ಹೌಸ್. ಕತಾರ್‌ನ ಮೊದಲ ಎಣ್ಣೆ ಕಂಪನಿಯ ಆಫೀಸು ಇದ್ದ ಮನೆ. ಶೇಖ್‌ಗಳ ಕಥೆಗಿಂತ ಜಾಸ್ತಿ ಇಲ್ಲಿ ಕೂಲಿಯವರ ಕಥೆ ಇದೆ. ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಎಣ್ಣೆಗೆ ಮೊದಲು ಈ ದೇಶ ಬದುಕಿದ್ದು ಮುತ್ತಿನಿಂದ. ಬೇಸಿಗೆಯ ನಾಲ್ಕು ತಿಂಗಳು ಗಂಡಸರು ದೋಣಿಯಲ್ಲೇ. ಮೂಗಿಗೆ ಕ್ಲಿಪ್ಪು, ಕಾಲಿಗೆ ಕಲ್ಲು, ಕುತ್ತಿಗೆಗೆ ಬುಟ್ಟಿ. ಹೊರಡುವ ಮೊದಲೇ ದೋಣಿಯ ಯಜಮಾನನಿಂದ ಮುಂಗಡ ತಗೊಂಡಿರುತ್ತಿದ್ದರು. ಮುತ್ತು ಸಿಗದಿದ್ದರೆ ಸಾಲ ಮುಂದಿನ ವರ್ಷಕ್ಕೆ, ಸತ್ತರೆ ಮಗನ ತಲೆಗೆ. ನಮ್ಮ ಕಡೆ ಜೀತ ಅನ್ನುತ್ತಿದ್ದದ್ದೂ ಹೆಚ್ಚುಕಡಿಮೆ ಇದೇ ಅಲ್ವಾ? 1930ರ ಸುಮಾರಿಗೆ ಜಪಾನಿನ ಕೃಷಿ ಮುತ್ತು ಬಂತು, ಜಗತ್ತಿನಲ್ಲಿ ಆರ್ಥಿಕ ಕುಸಿತ ಬಂತು. ಮುತ್ತಿನ ವ್ಯಾಪಾರ ನೆಲ ಕಚ್ಚಿತು. ಇಲ್ಲಿಯ ದುಖಾನ್‌ನಲ್ಲಿ ಎಣ್ಣೆ ಸಿಕ್ಕರೂ ಮಹಾಯುದ್ಧದಿಂದ ಕೆಲಸ ನಿಂತಿತು. ಮೊದಲ ಎಣ್ಣೆ ಹಡಗು ಹೊರಟಿದ್ದು 1949ರ ಕೊನೆಯಲ್ಲಿ. ನಡುವಿನ ವರ್ಷಗಳಲ್ಲಿ ಇಲ್ಲಿಯವರೇ ಹೊಟ್ಟೆಪಾಡಿಗೆ ಊರು ಬಿಟ್ಟಿದ್ದರು. ಇವತ್ತು ಜಗತ್ತಿನ ಜನರನ್ನು ಕೆಲಸಕ್ಕೆ ಕರೆಸಿಕೊಳ್ಳುವ ದೇಶ ಇದು.

ಇದನ್ನೆಲ್ಲ ಟೂರ್ನಿಯ ಹೊತ್ತಿಗೇ ಯಾಕೆ ನೋಡಬೇಕು ಅಂದರೆ, ಆ ತಿಂಗಳು ಜಗತ್ತು ಕತಾರ್ ಬಗ್ಗೆ ಕೇಳುತ್ತಿದ್ದದ್ದು ಇದೇ ಪ್ರಶ್ನೆ. ಈ ಸ್ಟೇಡಿಯಂ ಕಟ್ಟಿದ್ದು ಯಾರು, ಅವರಿಗೆ ಏನಾಯಿತು? ಬ್ರಿಟನ್ನಿನ ಪತ್ರಿಕೆಯೊಂದು 2021ರಲ್ಲಿ 6,500 ಅನ್ನುವ ಸಂಖ್ಯೆ ಕೊಟ್ಟಿತ್ತು. ಅದು ಭಾರತ, ನೇಪಾಳ, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾದಿಂದ ಬಂದು ಹತ್ತು ವರ್ಷಗಳಲ್ಲಿ ಬೇರೆ ಬೇರೆ ಕಾರಣಕ್ಕೆ ಇಲ್ಲಿ ಸತ್ತವರ ಲೆಕ್ಕ. ಹಂಚಿಕೊಂಡವರು ಅದನ್ನು ಸ್ಟೇಡಿಯಂ ಸಾವು ಅಂತ ಮಾಡಿಬಿಟ್ಟರು. ಇನ್ನೊಂದು ಕಡೆಯವರು ಸಾವೇ ಇಲ್ಲ ಅನ್ನುವ ಹಾಗೆ ಮಾತಾಡಿದರು. ಕೊನೆಗೆ ಟೂರ್ನಿಯ ನಡುವೆಯೇ ಸಂಘಟಕರ ಮುಖ್ಯಸ್ಥರು ಟಿವಿ ಸಂದರ್ಶನದಲ್ಲಿ 400ರಿಂದ 500 ಅಂದರು. ಈ ಕಿತ್ತಾಟವನ್ನು ಫೋನಿನಲ್ಲಿ ಓದುತ್ತಾ ಜನ ಮುಶೈರಿಬ್‌ನಲ್ಲಿ ರೈಲು ಬದಲಿಸುತ್ತಿದ್ದರು. ಮುತ್ತಿನ ಸಾಲದಿಂದ ಎಣ್ಣೆಯ ಕೂಲಿಯವರೆಗಿನ ಕಥೆ ಅವರ ತಲೆಯ ಮೇಲೆ ಇತ್ತು, ಪುಕ್ಕಟೆ.

ಈ ಮ್ಯೂಸಿಯಂಗಳೂ ದೇಶದ ಹೆಸರು ಚೆನ್ನಾಗಿ ಕಾಣಲಿ ಅಂತ ಮಾಡಿದ್ದೇ ಅಲ್ವಾ ಅಂತ ಕೇಳಬಹುದು. ಇರಬಹುದು. ಬಿನ್ ಜೆಲ್ಮೂದ್ ಮನೆ ಇವತ್ತಿನ ಮಾನವ ಸಾಗಣೆಯ ಬಗ್ಗೆಯೂ ಮಾತಾಡುತ್ತದೆ. ಈ ಊರಿನ ಲೇಬರ್ ಕ್ಯಾಂಪಿನ ಬಗ್ಗೆ ಹೇಳಿದ್ದು ನನಗೆ ಸಾಲಲಿಲ್ಲ. ಕನಿಷ್ಠ ಕೂಲಿ 1,000 ರಿಯಾಲ್ ಅಂತ ನಿಗದಿಯಾಗಿದ್ದೇ 2021ರಲ್ಲಿ. ಆದರೂ ಗುಲಾಮರ ವ್ಯಾಪಾರಿಯ ಮನೆಯನ್ನು ಕೆಡವಿ ಅಲ್ಲೊಂದು ಮಾಲ್ ಕಟ್ಟಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಕಟ್ಟಲಿಲ್ಲ. ಜೀತದ ಒಂದು ಮ್ಯೂಸಿಯಂ ನಮ್ಮ ರಾಜ್ಯದ ಯಾವ ಊರಿನಲ್ಲಿ ನೋಡಿದ್ದೀರಿ?

ನ್ಯಾಷನಲ್ ಮ್ಯೂಸಿಯಂ ಬಗ್ಗೆಯೂ ಹೇಳಲೇಬೇಕು. ಮರಳುಗಾಡಿನಲ್ಲಿ ಸಿಗುವ ಹರಳಿನ ಗುಲಾಬಿಯ ಆಕಾರದಲ್ಲಿ ಫ್ರಾನ್ಸಿನ ವಾಸ್ತುಶಿಲ್ಪಿ ಜಾನ್ ನುವೆಲ್ ಮಾಡಿದ ಕಟ್ಟಡ, 2019ರಲ್ಲಿ ತೆರೆದದ್ದು. ಒಳಗೆ ಸುಮಾರು ಒಂದೂವರೆ ಕಿಲೋಮೀಟರ್ ನಡಿಗೆ. ಭಾವ ಅರ್ಧಕ್ಕೆ ಸುಸ್ತಾಗಿ ಬೆಂಚು ಹುಡುಕಿದರು. ಆದರೆ ಬರೋಡಾದ ಮುತ್ತಿನ ಹಾಸು ಇರುವ ಕಡೆ ಎದ್ದು ನಿಂತರು. 1865ರ ಸುಮಾರಿಗೆ ಅಲ್ಲಿನ ಮಹಾರಾಜ ಖಂಡೇರಾವ್ ಗಾಯಕವಾಡ್ ಮಾಡಿಸಿದ್ದು. ಕೊಲ್ಲಿಯ ಮುತ್ತುಗಳು ಹತ್ತಿರತ್ತಿರ 15 ಲಕ್ಷ, ಜೊತೆಗೆ ವಜ್ರ, ಮಾಣಿಕ್ಯ, ಪಚ್ಚೆ. ಇಲ್ಲಿಯವರು ಮುಳುಗಿ ತೆಗೆದ ಮುತ್ತು ಬೊಂಬಾಯಿಗೆ ಹೋಗಿ, ಗುಜರಾತಿನಲ್ಲಿ ಹಾಸಾಗಿ, ಹರಾಜಿನ ದಾರಿಯಲ್ಲಿ ವಾಪಸ್ ಬಂದಿದೆ. ಇಲ್ಲಿ 1966ರವರೆಗೆ ನಡೆಯುತ್ತಿದ್ದದ್ದು ನಮ್ಮದೇ ರೂಪಾಯಿ. ರಿಸರ್ವ್ ಬ್ಯಾಂಕ್ 1959ರಲ್ಲಿ ಗಲ್ಫ್‌ಗೆಂದೇ ಬೇರೆ ನೋಟು ಹಾಕಿತ್ತು. "ಹಾಗಾದ್ರೆ ನಾವೇ ಇವರಿಗೆ ದುಡ್ಡು ಕೊಡ್ತಿದ್ವಾ?" ಅಂತ ಭಾವ ಕೇಳಿದ್ದು ಆ ಗ್ಯಾಲರಿಯಲ್ಲೇ. ಊರಿಗೆ ಹೋದ ಮೇಲೆ ಅವರು ನಾಲ್ಕು ಜನರಿಗೆ ಹೇಳಿದ್ದು ಅಂಗಿಯ ವಿಷಯ ಅಲ್ಲ, ಈ ರೂಪಾಯಿಯ ವಿಷಯ.

ನನ್ನ ಸಿಟ್ಟು ಬಂದು ಹೋಗುವ ಪ್ರವಾಸಿಗರ ಮೇಲಲ್ಲ, ನಮ್ಮ ಮೇಲೆ. ಕತಾರ್‌ನಲ್ಲಿ ಇರುವವರಲ್ಲಿ ಬಹುಪಾಲು ಹೊರಗಿನವರು, ಅದರಲ್ಲಿ ಭಾರತೀಯರದೇ ಅತಿ ದೊಡ್ಡ ಗುಂಪು. ಇಲ್ಲೇ ಮಕ್ಕಳನ್ನು ಹೆತ್ತು ಬೆಳೆಸಿದ ಕನ್ನಡದ ಮನೆಗಳು ಬೇಕಾದಷ್ಟಿವೆ. ವಾರದ ರಜೆ ಬಂದರೆ ಮಾಲ್, ಬಿರಿಯಾನಿ, ನಿದ್ದೆ. ನಮ್ಮ ಐಡಿ ಕಾರ್ಡ್ ತೋರಿಸಿದರೆ ನ್ಯಾಷನಲ್ ಮ್ಯೂಸಿಯಂ ಉಚಿತ ಅನ್ನುವುದೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಇನ್ನು ನಿಜವಾಗಿ ಸಿಮೆಂಟು ಹೊತ್ತವರ ಮಾತೇ ಬೇರೆ. ಅವರಿಗೆ ರಜೆಯೇ ಒಂದು ದಿನ, ಕ್ಯಾಂಪು ಇರುವುದು ಊರ ಹೊರಗೆ. ಗೋಡೆಯ ಮೇಲಿನ ಬರಹ ಅರಬಿ ಮತ್ತು ಇಂಗ್ಲಿಷ್‌ನಲ್ಲಿ. ಕೂಲಿಯ ಕಥೆ ಕೂಲಿಯವರಿಗೆ ಓದಲು ಬರಬೇಕಾದರೆ ನೇಪಾಳಿ, ಬಂಗಾಳಿ, ಹಿಂದಿ, ಮಲಯಾಳಂ ಬೇಕು. ನಮ್ಮ ಸಂಘಗಳು ವರ್ಷಕ್ಕೊಂದು ಸಲ ಬಸ್ ಮಾಡಿ, ಭಾಷೆ ಬಲ್ಲ ಇಬ್ಬರನ್ನು ಜೊತೆಗೆ ಕಳಿಸಿದರೂ ಸಾಕು. ಸನ್ಮಾನದ ಶಾಲಿಗೆ ಹಾಕುವ ದುಡ್ಡಿನಲ್ಲೇ ಆಗುವ ಕೆಲಸ ಅದು.

ಈಗ 2026ರ ಟಿಕೆಟ್ ಹಿಡಿದ ಗೆಳೆಯರಿಗೆ. ಅಟ್ಲಾಂಟಾದಲ್ಲಿ ಮ್ಯಾಚ್ ಇದ್ದರೆ, ಸ್ಟೇಡಿಯಂನಿಂದ ನಡೆದು ಹೋಗುವಷ್ಟು ಹತ್ತಿರ ಒಲಿಂಪಿಕ್ ಪಾರ್ಕ್ ಇದೆ. ಅದು 1996ರ ಒಲಿಂಪಿಕ್ಸ್‌ನದು. ಅದರ ಪಕ್ಕದಲ್ಲೇ ಕರಿಯರ ನಾಗರಿಕ ಹಕ್ಕುಗಳ ಹೋರಾಟದ ಮ್ಯೂಸಿಯಂ ಇದೆ, ಬಿಡಬೇಡಿ. ಮೆಕ್ಸಿಕೊ ಸಿಟಿಯವರು ಚಾಪುಲ್ಟೆಪೆಕ್‌ನ ಮಾನವಶಾಸ್ತ್ರ ಮ್ಯೂಸಿಯಂಗೆ ಅರ್ಧ ದಿನ ಇಡಿ. ಆಸ್ಟೆಕರ ಸೂರ್ಯನ ಕಲ್ಲು ಅಲ್ಲಿದೆ. ಸ್ಟೇಡಿಯಂಗೆ ಅಸ್ಟೆಕಾ ಅಂತ ಯಾಕೆ ಕರೆದರು ಅನ್ನುವುದು ಅದನ್ನು ನೋಡಿದ ಮೇಲೆ ತಿಳಿಯುತ್ತದೆ. ಕ್ಯಾನ್ಸಸ್ ಸಿಟಿಯವರಿಗೆ ಕಷ್ಟವೇ ಇಲ್ಲ, ಅಲ್ಲಿ ಫ್ಯಾನ್ ಫೆಸ್ಟಿವಲ್‌ಗೆ ಗೊತ್ತು ಮಾಡಿದ ಜಾಗವೇ ಮೊದಲ ಮಹಾಯುದ್ಧದ ಮ್ಯೂಸಿಯಂ ಅಂಗಳ.

ಒಂದು ಮಾತು. ಮ್ಯಾಚ್ ದಿನ ಹೋಗಬೇಡಿ. ತಲೆಯಲ್ಲಿ ಬರೀ ಗೇಟ್ ನಂಬರ್ ಇರುತ್ತದೆ. ನಡುವಿನ ಖಾಲಿ ದಿನ ಬೆಳಿಗ್ಗೆಯೇ ಹೋಗಿ, ಸೋಮವಾರ ತೆರೆದಿರುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಮತ್ತೆ ಆ ಜೆರ್ಸಿ ಹಾಕಿಕೊಂಡೇ ಹೋಗಿ, ಯಾರೂ ಏನೂ ಅನ್ನಲ್ಲ. ನಮ್ಮ ಭಾವ ಹಾಕಿಕೊಂಡೇ ಬಂದಿದ್ದರು.