ಹೆಸರೆತ್ತಬಾರದ ಹೆಂಗಸರು

ಎರಡು ಪುಸ್ತಕ ಒಟ್ಟಿಗೆ ಬರುತ್ತಿವೆ. ಒಂದು ಕಾದಂಬರಿ, ಕೆಳದಿ ಅರಸರ ರಾಜಧಾನಿಯಾಗಿದ್ದ 1623ರ ಇಕ್ಕೇರಿಯದು. ಇನ್ನೊಂದು ಒಂಬತ್ತು ದೆವ್ವದ ಕಥೆಗಳ ಸಂಕಲನ. ಮುಂದಿನ ಭಾನುವಾರ ಬೆಳಿಗ್ಗೆ ಸಾಗರದಲ್ಲಿ ಬಿಡುಗಡೆ, ಮರುವಾರ ಶಿವಮೊಗ್ಗದಲ್ಲಿ ಓದುಗರ ಜೊತೆ ಮಾತುಕತೆ, ಆಮೇಲೆ ತೀರ್ಥಹಳ್ಳಿ. ದೀಪಾವಳಿ ವಿಶೇಷಾಂಕವೊಂದರಲ್ಲಿ ಮಂಗನ ಕಾಯಿಲೆಯ ಕಾಲದ ಕಥೆಯೊಂದು ಬರುತ್ತದೆ. ಕರೆಯೋಲೆ ನಾಳೆ ಹಾಕುತ್ತೇನೆ. ಅದಕ್ಕೂ ಮೊದಲು, ಈ ಪುಸ್ತಕಗಳನ್ನು ಯಾಕೆ ಹೀಗೆ ಬರೆದೆ ಅಂತ ಹೇಳಬೇಕು.

ನಮ್ಮ ಮನೆಯಲ್ಲಿ ಕೊನೆ ಕೊಯ್ಲಿನ ಕಾಲಕ್ಕೆ ರಾತ್ರಿ ಹನ್ನೊಂದರವರೆಗೂ ಅಡಿಕೆ ಸುಲಿಯುತ್ತಿದ್ದರು. ಚಪ್ಪರದಡಿ ಸಾಲಾಗಿ ಮೆಟ್ಟುಗತ್ತಿಗಳು, ನಡುವೆ ಒಂದು ಗ್ಯಾಸ್‌ಲೈಟು, ನಿದ್ದೆ ಬರದಂತೆ ನೋಡಿಕೊಳ್ಳಲು ಅಜ್ಜಿಯ ಕಥೆ. ನಾನು ಕೇಳಿದ ಮೊದಲ ದೆವ್ವ ನಮ್ಮದೇ ತೋಟದ ಬಾವಿಯದು. ಮದುವೆಯಾಗಿ ವರ್ಷ ತುಂಬುವ ಮೊದಲೇ ಬಾವಿಗೆ ಬಿದ್ದ ಸೊಸೆ. ಅಮಾವಾಸ್ಯೆಯ ರಾತ್ರಿ ಅವಳ ಕೊಡದ ಸದ್ದು ಕೇಳುತ್ತದಂತೆ. "ಅವಳ ಹೆಸರೇನಜ್ಜಿ?" ಅಂದೆ. ಅಜ್ಜಿಯ ಕೈ ಕತ್ತಿಯ ಮೇಲೇ ನಿಂತಿತು. "ಹೆಸ್ರು ಎತ್ತಬ್ಯಾಡ್ವೇ, ಕರೆದಂಗಾಗುತ್ತೆ."

ಆ ಒಂದು ಮಾತಿನ ಭಯವನ್ನೇ ಬಂಡವಾಳ ಮಾಡಿಕೊಂಡು ನಾನು ವರ್ಷಗಟ್ಟಲೆ ಕಥೆ ಬರೆದೆ. ನನ್ನ ಮೊದಲ ಸಂಕಲನದಲ್ಲಿ ಬಾವಿಯ ಹೆಂಗಸು, ಹುಣಸೆಮರದ ಹೆಂಗಸು, ಬಾಣಂತನದಲ್ಲಿ ಸತ್ತವಳು ಎಲ್ಲರೂ ಇದ್ದರು. ಯಾರಿಗೂ ಹೆಸರಿರಲಿಲ್ಲ. ಪ್ರಕಾಶಕರು ಮುಖಪುಟಕ್ಕೆ ಕೂದಲು ಬಿಟ್ಟ, ಬಿಳಿಸೀರೆಯ ಹೆಂಗಸಿನ ಚಿತ್ರ ಹಾಕಿಸಿದಾಗ ನಾನು ಬೇಡ ಅನ್ನಲಿಲ್ಲ. ಪುಸ್ತಕ ಚೆನ್ನಾಗಿಯೇ ಹೋಯಿತು. ಈಗ ಆ ಮುಖಪುಟ ಕಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಮ್ಮ ಊರುಗಳಲ್ಲಿ ಅನ್ಯಾಯವಾಗಿ ಸತ್ತ ಹೆಂಗಸರನ್ನೇ ಆರಿಸಿ ದೆವ್ವ ಮಾಡಿದ್ದೇವೆ. ಬಾವಿಗೆ ತಳ್ಳಿದವರು, ತಳ್ಳುವ ಹಾಗೆ ಬದುಕಿಸಿದವರು ಯಾವ ಕಥೆಯಲ್ಲೂ ದೆವ್ವವಾಗಿ ಬರುವುದಿಲ್ಲ. ಅವರ ಶ್ರಾದ್ಧ ಕಾಲಕಾಲಕ್ಕೆ ನಡೆಯುತ್ತದೆ.

ಇದು ನನಗೆ ತಟ್ಟಿದ್ದು ಇತಿಹಾಸ ಓದುವಾಗ. ಪಿಯೆತ್ರೊ ದೆಲ್ಲಾ ವಾಲ್ಲೆ ಅನ್ನುವ ಇಟಲಿಯ ಪ್ರವಾಸಿ 1623ರ ಕೊನೆಗೆ ಗೋವೆಯ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಬಂದ. ಆಗ ಇಲ್ಲಿ ವೆಂಕಟಪ್ಪ ನಾಯಕನ ಆಳ್ವಿಕೆ. ಹೊನ್ನಾವರ, ಗೇರುಸೊಪ್ಪೆ ದಾಟಿ ಘಟ್ಟ ಹತ್ತಿ ಬಂದವನು, ದಾರಿಯಲ್ಲಿ ದೇವಸ್ಥಾನದ ಜಗಲಿಯಲ್ಲಿ ಹುಡುಗರು ಮರಳಿನ ಮೇಲೆ ಬೆರಳಿಂದ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ನೋಡಿ ನಿಂತು ಬರೆದುಕೊಂಡವನು. ಅಂಥ ಕಣ್ಣು ಅವನದು. ಇಕ್ಕೇರಿಯ ಬೀದಿಯಲ್ಲಿ ಒಂದು ದಿನ ಅವನಿಗೆ ಕುದುರೆ ಮೇಲೆ ಕೂತು ಬರುತ್ತಿದ್ದ ಹೆಂಗಸೊಬ್ಬಳು ಕಂಡಳು. ಮುಖ ಮುಚ್ಚಿಕೊಂಡಿರಲಿಲ್ಲ. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು. ಗಂಡ ಸತ್ತಿದ್ದಾನೆ, ಇವಳು ಬೆಂಕಿಗೆ ಹೋಗುವವಳು ಅಂತ ಜನ ಹೇಳಿದರು.

ಅವನು ಅಷ್ಟಕ್ಕೇ ಬಿಡಲಿಲ್ಲ. ಮನೆ ಹುಡುಕಿಕೊಂಡು ಹೋಗಿ, ದುಭಾಷಿಯ ಮೂಲಕ ಮಾತಾಡಿಸಿದ. ಗಂಡ ಡೋಲು ಬಾರಿಸುವವನು, ಸತ್ತು ಹತ್ತೊಂಬತ್ತು ದಿನ. ಅವನಿಗೆ ಇನ್ನಿಬ್ಬರು ಹೆಂಡಿರಿದ್ದರು, ಅವರು ಸಾಯಲು ಒಪ್ಪಿರಲಿಲ್ಲ. ಯಾರಾದರೂ ಬಲವಂತ ಮಾಡಿದರಾ ಅಂತ ಕೇಳಿದರೆ ಇಲ್ಲ, ನನ್ನಿಷ್ಟ ಅಂದಳು. ಬೇಡ ಅಂತ ಅವನು ಒಪ್ಪಿಸಲು ನೋಡಿದ, ಆಗಲಿಲ್ಲ. ಕೊನೆಗೆ ಹೆಸರು ಕೇಳಿದ. ಅವನ ಇಟಲಿ ಕಿವಿಗೆ ಬಿದ್ದಂತೆ ಬರೆದ ಹೆಸರನ್ನು ಓದಿದರೆ 'ಜಾಕ್ಕಮಾ'. ನಮ್ಮ ಬಾಯಿಗೆ ಜಕ್ಕಮ್ಮ. ನಿನ್ನ ಹೆಸರು ಉಳಿಯುವ ಹಾಗೆ ಬರೆಯುತ್ತೇನೆ ಅಂದ. ಬರೆದ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಡೋಲಿನವನ ಹೆಂಡತಿ. ನಾಲ್ಕು ನೂರು ವರ್ಷದ ಹಿಂದಿನವಳು. ಯಾವ ಶಾಸನದಲ್ಲೂ ಬರಬೇಕಾದವಳಲ್ಲ. ಅವಳ ಹೆಸರು ಉಳಿದದ್ದು ಹೊರಗಿನವನೊಬ್ಬ ಮನೆಬಾಗಿಲಿಗೆ ಹೋಗಿ ಕೇಳಿದ್ದರಿಂದ. ನಮ್ಮ ತೋಟದ ಬಾವಿಯ ಹೆಂಗಸಿನ ಹೆಸರು ನಮ್ಮದೇ ಮನೆಯಲ್ಲಿ ನೂರು ವರ್ಷವೂ ಉಳಿಯಲಿಲ್ಲ.

ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ಹೋದವರು ನೆಲ ನೋಡಿ. ಗರ್ಭಗುಡಿಯ ಎದುರು ಕಲ್ಲುಹಾಸಿನಲ್ಲಿ ಕೆಳದಿಯ ಮೂವರು ಅರಸರು ನಮಸ್ಕಾರ ಮಾಡುತ್ತಿರುವ ಕೆತ್ತನೆ ಇದೆ, ತಲೆಯ ಮೇಲೆ ಅವರವರ ಹೆಸರು. ಹುಚ್ಚ ಸೋಮಶೇಖರನ ಕೈಕಾಲಿಗೆ ಬೇಡಿ ಕೂಡ ಕೆತ್ತಿದ್ದಾರೆ. ಬುದ್ಧಿ ಕೆಟ್ಟ ದೊರೆಗೂ ಹೆಸರಿನ ಕಲ್ಲು ಸಿಕ್ಕಿದೆ. ಇನ್ನು ಸೊರಬ, ಶಿಕಾರಿಪುರದ ಕಡೆ ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ ಮಾಸ್ತಿಕಲ್ಲು, ಬೆಂಕಿಗೆ ಹೋದವಳ ನೆನಪಿಗೆ ನಿಲ್ಲಿಸಿದ ಕಲ್ಲು, ನೋಡಿದ್ದೀರಲ್ಲ? ಕಂಬದಿಂದ ಹೊರಟ ಒಂದು ತೋಳು, ಮೊಣಕೈಯಲ್ಲಿ ಮಡಚಿ ಮೇಲೆತ್ತಿದ ಕೈ, ಬಳೆ, ಬೆರಳ ನಡುವೆ ಒಂದು ನಿಂಬೆಹಣ್ಣು. ಜಕ್ಕಮ್ಮ ಹಿಡಿದಿದ್ದ ಅದೇ ನಿಂಬೆ. ಎಷ್ಟೋ ಕಲ್ಲುಗಳಲ್ಲಿ ಅಕ್ಷರವೇ ಇಲ್ಲ. ನಾವು ದೆವ್ವದ ಕಥೆ ಬರೆಯುವವರು ನಿಂಬೆಹಣ್ಣನ್ನು ಮೂರುದಾರಿ ಕೂಡುವಲ್ಲಿ ಕುಂಕುಮ ಹಚ್ಚಿ ಇಟ್ಟು ಓದುಗರನ್ನು ಹೆದರಿಸಿದ್ದೇವೆ. ನಾನೂ ಮಾಡಿದ್ದೇನೆ. ಇನ್ನು ಮಾಡಲಾರೆ.

ಕಾದಂಬರಿ ಜಕ್ಕಮ್ಮನ ಬಾಯಲ್ಲಿ ಇಲ್ಲ. ಮೂರು ಸಲ ಹಾಗೆ ಬರೆಯಲು ಕೂತು ಹರಿದುಹಾಕಿದೆ. ಅವಳು "ನನ್ನಿಷ್ಟ" ಅಂದದ್ದನ್ನು ನಂಬಿದರೆ ಚಿತೆಗೆ ನಾನೂ ಒಂದು ಸೌದೆ ಇಟ್ಟಂತೆ. ನಂಬದಿದ್ದರೆ ಅವಳು ತಾನಾಗಿ ಆಡಿದ ಒಂದೇ ಮಾತನ್ನೂ ಕಿತ್ತುಕೊಂಡಂತೆ. ಕೊನೆಗೆ ದಾರಿ ಸಿಕ್ಕಿದ್ದು ಆ ಇನ್ನಿಬ್ಬರಿಂದ. ಸಾಯಲು ಒಪ್ಪದವರು. ಹಿರಿಯ ಸವತಿ ಕಥೆ ಹೇಳುತ್ತಾಳೆ. ಜಕ್ಕಮ್ಮ ಹೋದ ಮೇಲೆ ಊರು ಇವರ ಕಡೆ ನೋಡುವ ನೋಟ, ನೀರಿಗೆ ಹೋದಾಗ ಬಿಟ್ಟುಕೊಡುವ ಜಾಗ, ಗೋಡೆಗೆ ನೇತುಹಾಕಿದ ಗಂಡನ ಡೋಲು. ಘಟ್ಟದ ಶೀತಕ್ಕೆ ಡೋಲಿನ ಚರ್ಮ ಸಡಿಲ ಬೀಳುತ್ತದೆ, ರಾತ್ರಿ ಒಲೆಯ ಕಾವಿಗೆ ಬಿಗಿಯಾಗುತ್ತ ಸದ್ದು ಮಾಡುತ್ತದೆ. ಆ ಸದ್ದಿಗೆ ಕಾರಣ ಗೊತ್ತಿದ್ದೂ ಇಬ್ಬರು ಹೆಂಗಸರು ಎದ್ದು ಕೂರುತ್ತಾರೆ. ಈ ಪುಸ್ತಕದಲ್ಲಿ ನಾನು ಕೊಡಬಲ್ಲ ಭಯ ಅಷ್ಟೇ. ಆದರೆ ಅದನ್ನು ಮನಸಿಟ್ಟು ಬರೆದಿದ್ದೇನೆ. ಪ್ರವಾಸಿಯ ದಾಖಲೆ ಎಲ್ಲಿ ಮುಗಿಯುತ್ತದೆ, ನನ್ನ ಕಲ್ಪನೆ ಎಲ್ಲಿ ಶುರುವಾಗುತ್ತದೆ ಅಂತ ಪುಸ್ತಕದ ಕೊನೆಯಲ್ಲಿ ಬಿಡಿಸಿ ಹೇಳಿದ್ದೇನೆ. ಐತಿಹಾಸಿಕ ಕಾದಂಬರಿ ಬರೆಯುವವರೆಲ್ಲ ಇಷ್ಟನ್ನು ಮಾಡಲೇಬೇಕು ಅಂತ ನನ್ನ ಹಟ.

ಒಬ್ಬ ಹಿರಿಯರು ಕೇಳಿದರು, ಕೆಳದಿಯ ಕಥೆ ಬರೆಯುವುದಾದರೆ ಚೆನ್ನಮ್ಮನನ್ನು ಬಿಟ್ಟು ಡೋಲಿನವನ ಮನೆಗೆ ಯಾಕೆ ಹೋದಿರಿ ಅಂತ. 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನನ್ನು ಎದುರುಹಾಕಿಕೊಂಡ ರಾಣಿಯ ಮೇಲೆ ನನಗೂ ಅಪಾರ ಗೌರವವಿದೆ. ಅವಳನ್ನು ಬರೆದವರಿದ್ದಾರೆ, ಇನ್ನೂ ಬರೆಯುತ್ತಾರೆ. ಜಕ್ಕಮ್ಮನ ಮನೆಗೆ ಹೋಗುವವರು ಬೇಕಿತ್ತು.

ಕಥಾಸಂಕಲನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉದ್ದದ ಕಥೆ ಶರಾವತಿ ಹಿನ್ನೀರಿನದು. 1948ರಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟನ್ನು 1964ರಲ್ಲಿ ಲಿಂಗನಮಕ್ಕಿ ಮುಳುಗಿಸಿತು, ನೀರು ಇಳಿದ ವರ್ಷ ಅದು ಮತ್ತೆ ತಲೆ ಎತ್ತುತ್ತದೆ. ಅದನ್ನು ನೋಡಲು ಕಾರು ಕಟ್ಟಿಕೊಂಡು ಹೋಗುವವರ ನಡುವೆ, ತನ್ನ ತವರುಮನೆಯ ಹೊಸಿಲು ಹುಡುಕುತ್ತ ಕೆಸರಲ್ಲಿ ನಡೆಯುವ ಮುದುಕಿಯ ಕಥೆ ಅದು. ಹಿನ್ನೀರಿನ ನಡುವೆ ದ್ವೀಪದಂತೆ ಉಳಿದ ಊರುಗಳಿಗೆ ಜನರನ್ನು ದಾಟಿಸುತ್ತಿದ್ದ ಹೊಳೆಬಾಗಿಲಿನ ಸಂಜೆಯ ಕೊನೆಯ ಲಾಂಚ್ ಅದರಲ್ಲಿ ಬರುತ್ತದೆ. 2025ರ ಜುಲೈಯಲ್ಲಿ ಸೇತುವೆ ಆಯಿತು, ದ್ವೀಪದ ಜನರಿಗೆ ದೊಡ್ಡ ನೆಮ್ಮದಿ. ನನ್ನ ಕಥೆಯಲ್ಲಿ ಲಾಂಚ್ ಉಳಿಯಲಿ ಅಂತ ತಿದ್ದದೆ ಬಿಟ್ಟೆ. ವಿಶೇಷಾಂಕದ ಕಥೆ 1957ರ ಕ್ಯಾಸನೂರಿನದು. ಕಾಡಲ್ಲಿ ಮಂಗಗಳು ಸತ್ತು ಬೀಳುತ್ತಿವೆ, ಊರಿನವರಿಗೆ ಜ್ವರ, ಉಣುಗಿನಿಂದ ಬರುತ್ತದೆ ಅಂತ ಇನ್ನೂ ಯಾರಿಗೂ ತಿಳಿದಿಲ್ಲ. ಅಂಥ ಹೊತ್ತಲ್ಲಿ ಊರು ಯಾರನ್ನು ದೂರುತ್ತದೆ ಅನ್ನುವುದೇ ಕಥೆ. ಈ ಸಲವೂ ಒಬ್ಬ ಹೆಂಗಸನ್ನೇ. ಈ ಸಲ ಅವಳಿಗೆ ಹೆಸರಿದೆ.

ಬಾವಿಯವಳ ಹೆಸರೂ ಸಿಕ್ಕಿತು. ಅಟ್ಟದ ಮೇಲಿನ ಮರದ ಪೆಟ್ಟಿಗೆಯಲ್ಲಿ ಮುತ್ತಜ್ಜನ ಖರ್ಚಿನ ಪುಸ್ತಕಗಳಿದ್ದವು, ಗೆದ್ದಲು ಹಿಡಿದು ಅರ್ಧ ಹೋಗಿದ್ದವು. ಅಕ್ಕಿ, ಆಳು, ಸೀಮೆಎಣ್ಣೆಯ ಲೆಕ್ಕದ ನಡುವೆ ಒಂದು ಸಾಲು: ಅವಳ ಹೆಸರು, ಮುಂದೆ 'ಬಳೆ ಬಗ್ಗೆ', ಮುಂದೆ ಎರಡಾಣೆ. ಮುಂದಿನ ಪುಸ್ತಕದಲ್ಲಿ ಅವಳು ಇಲ್ಲ. ಆ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಅವಳ ತವರಿನವರು ಇನ್ನೂ ಇದ್ದಾರೆ, ಅವರನ್ನು ಕೇಳದೆ ಬರೆಯುವ ಹಕ್ಕು ನನಗಿಲ್ಲ. ಅಮ್ಮನಿಗೆ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ವರ್ಷ ನೀರು ತುಂಬುವ ಹಬ್ಬದ ಸಂಜೆ ಬಾವಿಕಟ್ಟೆಗೆ ಅರಿಶಿನ ಕುಂಕುಮ ಹಚ್ಚುವಾಗ, ಹಗ್ಗ ಇಳಿಸುವ ಮೊದಲು, ಅಮ್ಮ ಆ ಹೆಸರು ಹಿಡಿದು ಮೆಲ್ಲಗೆ ಕರೆದರು. ಪಕ್ಕದಲ್ಲಿ ನಾನಿದ್ದೆ. ಕೊಡ ತುಂಬಿ ಮೇಲೆ ಬಂತು, ಒಳಗೆ ತಂದೆವು.

ಭಾನುವಾರ ಸಾಗರಕ್ಕೆ ಬರುವವರು ಒಂದು ಉಪಕಾರ ಮಾಡಿ. ನಿಮ್ಮ ಊರಲ್ಲಿ ಮಾಸ್ತಿಕಲ್ಲಿದ್ದರೆ, ಅದು ಎಲ್ಲಿದೆ, ಅದಕ್ಕೆ ಪೂಜೆ ಇದೆಯೋ ಇಲ್ಲವೋ, ಊರಿನ ಹಿರಿಯರು ಅವಳನ್ನು ಏನಂತ ಕರೆಯುತ್ತಾರೆ ಅಂತ ಕೇಳಿಕೊಂಡು ಬನ್ನಿ. ಬರೆದುಕೊಳ್ಳಲು ನಾನು ಪುಸ್ತಕ ತರುತ್ತೇನೆ. ಕಾರ್ಯಕ್ರಮ ಹತ್ತೂವರೆಗೆ, ಆದರೆ ನಾನು ಒಂಬತ್ತಕ್ಕೇ ಅಲ್ಲಿರುತ್ತೇನೆ.