ಒನ್ಸ್ ಮೋರ್, ಚಿಗರಿ!

ಆ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಬೀದರ್ ಕಡೆಯ ಬಯಲು. ಮುಂದೆ ಚಿಗರಿ ಹಿಂಡು, ಹಿಂದೆ ಬಿಳಿ ಕಾರು, ಕಿಟಕಿಯಿಂದ ಸೊಂಟದವರೆಗೆ ಹೊರಗೆ ಬಂದ ಒಬ್ಬ ಮಹಾಶಯ. ಮೇಲೊಂದು ಹಾಡು. ಅದನ್ನು ನೋಡಿದ ಮೇಲೆ ನಮ್ಮ ಓಣಿಯಲ್ಲೇ ಮೂರು ಮನೆಯವರು ಕಾರು ತೊಳೆದು ನಿಲ್ಲಿಸಿದ್ದಾರೆ.

ಚಿಗರಿ ಅಂದರೆ ಪುಸ್ತಕದ ಕೃಷ್ಣಮೃಗ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡುವ ಜೀವ. ಒಂದು ಕಾಲಕ್ಕೆ ಅದರ ಬೆನ್ನು ಹತ್ತಲು ಚೀತಾ ಇತ್ತು. ನಮ್ಮ ದೇಶದಲ್ಲಿ ಚೀತಾ ಮುಗಿಯಿತು ಅಂತ 1952ರಲ್ಲಿ ಸರ್ಕಾರವೇ ಹೇಳಿತು. ಆ ಹುದ್ದೆ ಖಾಲಿ ಬಿದ್ದಿತ್ತು. 2022ರಲ್ಲಿ ಮಧ್ಯಪ್ರದೇಶಕ್ಕೆ ನಮೀಬಿಯಾದಿಂದ ವಿಮಾನದಲ್ಲಿ ಚೀತಾ ತರಿಸಿದರು. ನಮಗೆ ಅಷ್ಟು ಖರ್ಚು ಯಾಕೆ? ಸಾಲದ ಕಂತಿನ ಕಾರು ಇದೆಯಲ್ಲ, ಸಾಕು.

ಹೋದ ಭಾನುವಾರ ಪುಣೆಯಿಂದ ಬೀಗರು ಬಂದಿದ್ದರು. ಬೀದರ್ ಹತ್ತಿರದ ಹೊನ್ನಿಕೇರಿ ಕಾಡಿನ ಕಡೆ ಹೊರಟೆವು. ಚುಡುವಾ, ಮಿರ್ಚಿ, ನೀರಿನ ಬಾಟಲಿ, ಒಂದು ಸ್ಪೀಕರ್. ಪ್ರಾಣಿ ನೋಡಲು ಸ್ಪೀಕರ್ ಯಾಕೆ ಅಂತ ಕೇಳುವಷ್ಟು ಧೈರ್ಯ ನನಗಿಲ್ಲ, ಬೀಗರಲ್ವಾ. ಹತ್ತು ನಿಮಿಷಕ್ಕೆ ಅವರು ಕೇಳಿದರು, ‘ಹುಲಿ ಇಲ್ಲೇನ್ರಿ?’ ‘ಇಲ್ರಿ’ ಅಂದೆ, ಅಡುಗೆಯಲ್ಲಿ ಉಪ್ಪು ಮರೆತವನ ಹಾಗೆ. ಕಲಬುರಗಿ ಜಿಲ್ಲೆಯ ಚಿಂಚೋಳಿಗೆ ಕರೆದುಕೊಂಡು ಹೋದರೂ ಇದೇ ಪ್ರಶ್ನೆ. 2011ರಲ್ಲೇ ವನ್ಯಜೀವಿಧಾಮ ಆಗಿರುವ ಕಾಡು ಅದು, ತೋಳ ಇದೆ, ಕತ್ತೆಕಿರುಬ ಇದೆ. ಆದರೆ ತೋಳ ಕಂಡರೆ ‘ಅಯ್ಯ, ನಾಯಿ’ ಅಂತ ಮೊಬೈಲ್ ಜೇಬಿಗೆ ಹಾಕುತ್ತಾರೆ.

ಸುರಪುರದ ಬೋನಾಳ ಕೆರೆಯ ಮಾತೂ ಅಷ್ಟೇ. ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಅಲ್ಲಿಗೆ ಬರುತ್ತದೆ. ನಮ್ಮವರು ನೀರಿಗೆ ಕಲ್ಲು ಒಗೆದು ‘ಹಾರು, ಹಾರು’ ಅನ್ನುತ್ತಾರೆ. ಹಿಮಾಲಯ ದಾಟಿ ಬಂದದ್ದಕ್ಕೆ ಹಾರಿ ತೋರಿಸು ಅನ್ನುವುದೂ ಒಂದು ಆತಿಥ್ಯ ಇರಬೇಕು.

ಇರಲಿ, ಚಿಗರಿ ಸಿಕ್ಕವು. ಸುಮಾರು ಇಪ್ಪತ್ತು. ನಡುವೆ ಒಂದು ಕಪ್ಪು ಗಂಡು, ಸುರುಳಿ ಕೋಡು, ಕಣ್ಣ ಸುತ್ತ ಬಿಳಿ. ಬೀಗರ ಮಗ ಹಾರ್ನ್ ಒತ್ತಿದ. ಒಂದು ಹೆಣ್ಣು ನಿಂತಲ್ಲೇ ನಾಲ್ಕೂ ಕಾಲು ಎತ್ತಿ ಮೇಲಕ್ಕೆ ನೆಗೆಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಕಾರಿನಲ್ಲಿ ಚಪ್ಪಾಳೆ. ‘ಡ್ಯಾನ್ಸ್ ಮಾಡ್ಲತ್ತಾವ! ಒನ್ಸ್ ಮೋರ್!’ ಮತ್ತೆ ಹಾರ್ನ್.

ಅದು ಡ್ಯಾನ್ಸ್ ಅಲ್ಲ. ಅಪಾಯ ಬಂತು ಅಂತ ಹಿಂಡಿಗೆ ಹೇಳುವ ರೀತಿ. ಬೆದರಿದ ಪ್ರಾಣಿ ಓಡಿ ಓಡಿ ಕೊನೆಗೆ ತಂತಿಬೇಲಿಗೆ ಬೀಳುತ್ತದೆ, ಇಲ್ಲ ರಸ್ತೆಗೆ ಬರುತ್ತದೆ. ಹುಲ್ಲಿನಲ್ಲಿ ಮರಿ ಮಲಗಿಸಿ ಮೇಯಲು ಹೋದ ತಾಯಿ ವಾಪಸ್ ಬರುವಷ್ಟರಲ್ಲಿ ‘ಅನಾಥ ಮರಿ’ ಯಾರದೋ ತೊಡೆಯ ಮೇಲೆ ಸೆಲ್ಫಿಗೆ ಕೂತಿರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಚಿಗರಿ ಅದರ ಮೊದಲ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯ ಪ್ರಾಣಿ, ಜೈಲಾಗುತ್ತದೆ. ಎಲ್ಲರಿಗೂ ಗೊತ್ತು. ಹೇಳಿ ಹೇಳಿ ನನಗೇ ಸಾಕಾಗಿದೆ. ಅವತ್ತು ನಾನೂ ಬಾಯಿ ಮುಚ್ಚಿಕೊಂಡು ಮಿರ್ಚಿ ತಿಂದೆ, ಅದನ್ನೂ ಬರೆಯಬೇಕು.

ಆಮೇಲೆ ಚಿಗರಿ ಪಕ್ಕದ ಕಡಲೆ ಹೊಲಕ್ಕೆ ನುಗ್ಗಿದವು. ಹೊಲದ ಕಾಕಾ ಎಣ್ಣೆ ಡಬ್ಬಿ ಬಾರಿಸುತ್ತಾ ಓಡಿ ಬಂದರು. ಬೀಗರಿಗೆ ಒಮ್ಮೆಲೇ ಪ್ರಾಣಿದಯೆ ಉಕ್ಕಿತು. ‘ಏನ್ರೀ ಕಾಕಾ, ಪಾಪದ ಪ್ರಾಣಿಗೆ ಯಾಕ ತ್ರಾಸ ಕೊಡ್ತೀರಿ? ವಿಡಿಯೊ ಕೆಟ್ಟೋಯ್ತು!’

ಕಾಕಾ ಡಬ್ಬಿ ನಿಲ್ಲಿಸಿದರು. ಕಾರು ನೋಡಿದರು. ‘ನೀವು ನೋಡ್ಲಾಕ ರೊಕ್ಕ ಖರ್ಚ್ ಮಾಡಿ ಬರ್ತೀರಿ. ನಾ ಇವಕ್ಕ ದಿನಾ ಊಟಕ್ಕ ಹಾಕ್ತೀನ್ರಿ. ರಾತ್ರಿ ಬರ್ರಿ, ಹೊಲದಾಗ ಕಾವಲ ಮಲಗ್ರಿ, ಪುಕ್ಕಟೆ ತೋರಸ್ತೀನಿ.’

ಬೀಗರು ಕಾರಿನ ಕಿಟಕಿ ಗ್ಲಾಸು ಏರಿಸಿದರು. ದಾರಿಯುದ್ದಕ್ಕೂ ಒಂದೇ ಮಾತು: ‘ಇಲ್ಲಿ ಮಂದಿಗೆ ಟೂರಿಸ್ಟ್ ಜೊತೆ ಹೆಂಗ ಮಾತಾಡಬೇಕು ಗೊತ್ತಿಲ್ಲ ನೋಡ್ರಿ.’ ವಿಡಿಯೊ ಮಾತ್ರ ಸಂಜೆಯೇ ಹಾಕಿದರು. ಕಾಕಾ ಬರುವ ಜಾಗಕ್ಕೆ ಕತ್ತರಿ, ಡಬ್ಬಿ ಸದ್ದು ಉಳಿದಿದೆ. ಹಾಡಿನ ತಾಳಕ್ಕೆ ಚೆನ್ನಾಗಿ ಕೂತಿದೆ ಅಂತೆ.