ಮದುವೆ ಊಟ ಕೇಳ್ತೀರಿ, ನಿನ್ನೆ ಊಟ ಯಾಕೆ ಕೇಳಲ್ಲ?

ನಾವಿರುವುದು ಟೋಕಿಯೊದ ನಿಶಿಕಸಾಯಿಯಲ್ಲಿ. ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಎಪ್ಪತ್ತೈದು ದಾಟಿರಬೇಕು. 2023ರ ಅಕ್ಟೋಬರಿನಲ್ಲಿ ಒಂದು ಸಂಜೆ ಲಿಫ್ಟಿನಲ್ಲಿ ಸಿಕ್ಕರು. ಚೀಲದಿಂದ ಉದ್ದನೆಯ ನೆಗಿ ಈರುಳ್ಳಿ ಹೊರಗೆ ಇಣುಕುತ್ತಿತ್ತು. ನನ್ನನ್ನು ನೋಡಿದವರೇ, "ಶಿರೋ-ಸಾನ್ ಮತ್ತೆ ಟಿವಿಗೆ ಬಂದಿದ್ದಾರೆ, ನೋಡಿದ್ರಾ?" ಅಂದರು. ಅಷ್ಟು ಹೊತ್ತು ಎಚ್ಚರ ಇರೋಕಾಗಲ್ಲ, ಮಗಳು ರೆಕಾರ್ಡ್ ಮಾಡಿ ಇಡ್ತಾಳೆ ಅಂದರು. ಶಿರೋ ಅಡುಗೆಗೆ ಉಪ್ಪು ಕಮ್ಮಿ ಹಾಕ್ತಾರೆ, ತನಗೂ ಡಾಕ್ಟರ್ ಅದನ್ನೇ ಹೇಳಿದ್ದಾರೆ ಅಂದರು.

ನಾನು ಮುಂದಿನ ಮಾತಿಗೆ ಕಾದೆ. "ಆದರೆ ಇಬ್ಬರೂ ಗಂಡಸರು, ನೋಡಿ" ಅನ್ನೋ ಮಾತಿಗೆ. ಅದು ಬರಲಿಲ್ಲ. ಮೂರನೇ ಮಹಡಿ ಬಂತು, ತಲೆ ಬಾಗಿಸಿ ಹೊರಟುಹೋದರು.

ಅವರು ಹೇಳಿದ್ದು 'ಕಿನೋ ನಾನಿ ತಬೆತಾ?' ಸರಣಿಯ ಎರಡನೇ ಸೀಸನ್ ಬಗ್ಗೆ. ಹೆಸರಿನ ಅರ್ಥ 'ನಿನ್ನೆ ಏನು ತಿಂದೆ?' ಅಂತ. ಯೋಶಿನಾಗಾ ಫುಮಿ ಎಂಬ ಲೇಖಕಿ 2007ರಿಂದ ವಾರಪತ್ರಿಕೆಯೊಂದರಲ್ಲಿ ಬರೆಯುತ್ತಾ ಬಂದ ಮಾಂಗಾ, ಅಂದರೆ ಚಿತ್ರಕಥೆ, ಇದು. 2019ರಲ್ಲಿ ಟಿವಿಗೆ ಬಂತು, 2021ರಲ್ಲಿ ಸಿನಿಮಾ ಆಯಿತು, 2023ರಲ್ಲಿ ಎರಡನೇ ಸೀಸನ್. ಶಿರೋ ಲಾಯರ್, ಕೆಂಜಿ ಸಲೂನಿನಲ್ಲಿ ಕೂದಲು ಕತ್ತರಿಸುತ್ತಾನೆ. ಇಬ್ಬರೂ ಒಂದೇ ಮನೆಯಲ್ಲಿ ಜೋಡಿಯಾಗಿ ಬಾಳುತ್ತಿದ್ದಾರೆ. ಶಿರೋ ಪಾತ್ರ ಮಾಡಿದ ನಿಶಿಜಿಮಾ ಹಿದೆತೋಶಿ, ಕೆಂಜಿ ಪಾತ್ರ ಮಾಡಿದ ಉಚಿನೋ ಸೇಯೋ, ಇಬ್ಬರೂ ಇಲ್ಲಿ ದೊಡ್ಡ ನಟರು. ಹುಡುಗ ಹುಡುಗರ ಪ್ರೇಮದ ಕಥೆಗಳನ್ನು ಇಲ್ಲಿ ಬಿಎಲ್ ಅಂತಾರೆ. ಅವುಗಳಲ್ಲಿ ಎಷ್ಟೋ ಹರೆಯದವರ ಕಥೆಗಳು. ಇದು ಐವತ್ತರ ಆಸುಪಾಸಿನ ಇಬ್ಬರ ಕಥೆ.

ಕಥೆ ಅಂದರೆ ಏನು? ಶಿರೋ ಆಫೀಸ್ ಮುಗಿಸಿ ಸೂಪರ್‌ಮಾರ್ಕೆಟ್ಟಿಗೆ ಹೋಗುತ್ತಾನೆ. ಯಾವುದಕ್ಕೆ ಇವತ್ತು ರೇಟು ಇಳಿದಿದೆ ನೋಡುತ್ತಾನೆ. ಮನೆಗೆ ಬಂದು ತರಕಾರಿ ಹೆಚ್ಚುತ್ತಾನೆ. ಕೆಂಜಿ ಬರುತ್ತಾನೆ, ಇಬ್ಬರೂ ಉಣ್ಣುತ್ತಾರೆ. ತಿಂಗಳ ಊಟದ ಖರ್ಚು 25,000 ಯೆನ್ ಮೀರಬಾರದು ಅನ್ನೋದು ಶಿರೋನ ಲೆಕ್ಕ. ಕೆಂಜಿ ಒಮ್ಮೆ ಮೂಲೆ ಅಂಗಡಿಯಲ್ಲಿ ದುಬಾರಿ ರೇಟಿಗೆ ಐಸ್‌ಕ್ರೀಮ್ ತಂದಾಗ, ಅದೇ ಸೂಪರ್‌ಮಾರ್ಕೆಟ್ಟಿನಲ್ಲಿ ಅಗ್ಗಕ್ಕೆ ಸಿಗುತ್ತಿತ್ತಲ್ಲ ಅಂತ ಮುಖ ಊದಿಸಿಕೊಳ್ಳುತ್ತಾನೆ. ಕಲ್ಲಂಗಡಿ ಇಡೀ ಕೊಂಡರೆ ಜಾಸ್ತಿ ಆಗುತ್ತೆ ಅಂತ ಅಂಗಡಿಯಲ್ಲಿ ಸಿಕ್ಕ ಅಪರಿಚಿತ ಹೆಂಗಸಿನ ಜೊತೆ ಅರ್ಧರ್ಧ ಹಂಚಿಕೊಳ್ಳುತ್ತಾನೆ. ಮುಂದೆ ಆಕೆಯ ಕುಟುಂಬವೇ ಅವನಿಗೆ ಆಪ್ತವಾಗುತ್ತದೆ. ಎರಡನೇ ಸೀಸನ್ನಿನಲ್ಲಿ ಬೆಲೆ ಏರಿದೆ. ತಿಂಗಳ ಲೆಕ್ಕ 30,000 ಯೆನ್ನಿಗೆ ಏರುತ್ತದೆ. ಅದನ್ನು ಇಬ್ಬರೂ ಕೂತು ಮಾತಾಡುವ ದೃಶ್ಯ ನೋಡಿದಾಗ, ಟಿವಿಯಲ್ಲಿ ನಾನು ಕಂಡ ಅತಿ ದೊಡ್ಡ ಪ್ರೇಮದ ಮಾತು ಇದೇ ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

ಅದೇ ತಿಂಗಳು, ಸರಣಿ ಶುರುವಾಗಿ ಹನ್ನೊಂದನೇ ದಿನಕ್ಕೆ, ಅಕ್ಟೋಬರ್ 17ರಂದು ನಮ್ಮ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಸಲಿಂಗ ಮದುವೆಗೆ ಮಾನ್ಯತೆ ಕೊಡೋದು ನಮ್ಮ ಕೆಲಸ ಅಲ್ಲ, ಸಂಸತ್ತಿನದು ಅಂದಿತು. ಸಂಜೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಮಾವ ಬರೆದರು: "ಸದ್ಯ, ನಮ್ಮ ಸಂಸ್ಕೃತಿ ಉಳೀತು." ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ಆ ಗುಂಪಿನಲ್ಲಿ ನನ್ನ ತಮ್ಮನೂ, ಅಂದರೆ ಚಿಕ್ಕಪ್ಪನ ಮಗನೂ, ಇದ್ದಾನೆ. ಅವನು ಏನೂ ಬರೆಯಲಿಲ್ಲ. ನಾನೂ ಬರೆಯಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಅವನು ಬೆಂಗಳೂರಿನಲ್ಲಿ ಒಬ್ಬ ಹುಡುಗನ ಜೊತೆ ಒಂಬತ್ತು ವರ್ಷದಿಂದ ಇದ್ದಾನೆ. ಊರಿನವರಿಗೆ ಆ ಹುಡುಗ 'ರೂಮ್‌ಮೇಟು'. ತಮ್ಮ ಯಾವ ಮದುವೆಗೆ ಹೋದರೂ, ಪಂಕ್ತಿಯಲ್ಲಿ ಕೂತರೂ, ಎಲೆ ಮೇಲೆ ಪಾಯಸ ಬೀಳೋ ಮೊದಲೇ ಯಾರಾದರೂ ಕೇಳುತ್ತಾರೆ, "ನಿನ್ನ ಊಟ ಯಾವಾಗಪ್ಪಾ ಹಾಕಿಸ್ತೀಯಾ?" ಅವನು ನಕ್ಕು, "ಆಗ್ಲಿ ಅತ್ತೆ" ಅನ್ನುತ್ತಾನೆ. ಈ ಪ್ರಶ್ನೆಯಲ್ಲಿ ಕೆಟ್ಟದ್ದೇನಿಲ್ಲ, ಗೊತ್ತು. ಪ್ರೀತಿಯಿಂದಲೇ ಕೇಳುತ್ತಾರೆ. ಬೆಳಗ್ಗೆ ಎದ್ದರೆ ತಿಂಡಿ ಆಯ್ತಾ, ಮಧ್ಯಾಹ್ನ ಊಟ ಆಯ್ತಾ, ಏನ್ ಸಾರು ಅಂತ ಕೇಳೋ ಜನ ನಾವು. ಇಷ್ಟು ದೂರ ಬಂದ ಮೇಲೂ ಅಮ್ಮನ ಫೋನು ಶುರುವಾಗೋದು ಅದರಿಂದಲೇ. ಆದರೆ ಅವನನ್ನು ಮಾತ್ರ ಒಂಬತ್ತು ವರ್ಷದಲ್ಲಿ ಒಬ್ಬರೂ "ನಿಮ್ಮನೇಲಿ ಇವತ್ತು ಏನ್ ಅಡುಗೆ?" ಅಂತ ಕೇಳಿಲ್ಲ. 'ನಿಮ್ಮನೆ' ಅಂದರೆ ಅಲ್ಲೊಂದು ಮನೆ ಇದೆ ಅಂತ ಒಪ್ಪಿಕೊಂಡ ಹಾಗೆ. ಆಗದ ಮದುವೆಯ ಊಟ ಕೇಳುತ್ತಾರೆ, ದಿನಾ ಆಗುತ್ತಿರುವ ಊಟ ಬಿಡುತ್ತಾರೆ.

ಆ ಮನೆಯ ಅಡುಗೆ ನಾನು ಉಂಡಿದ್ದೇನೆ. ಒಂದು ಜನವರಿಯಲ್ಲಿ ರಜೆಗೆ ಹೋದಾಗ ಎರಡು ರಾತ್ರಿ ಅಲ್ಲೇ ಇದ್ದೆ. ಅವರೆಕಾಯಿ ಕಾಲ. ರಾತ್ರಿ ನೆನೆಹಾಕಿದ್ದ ಕಾಳನ್ನು ಬೆಳಗ್ಗೆ ಇಬ್ಬರೂ ನೆಲದ ಮೇಲೆ ಪೇಪರ್ ಹಾಸಿಕೊಂಡು ಹಿತುಕುತ್ತಾ ಕೂತಿದ್ದರು. ಆ ಹುಡುಗ ಮಂಡ್ಯ ಕಡೆಯವನು. ಬೆರಳ ತುದಿಯಲ್ಲಿ ಒತ್ತಿದರೆ ಬೇಳೆ ಚಿಮ್ಮಿ ನೇರ ಪಾತ್ರೆಗೇ ಬೀಳುತ್ತಿತ್ತು. ನಮ್ಮವನದು ಸೋಫಾ ಕೆಳಗೆ ಹೋಗುತ್ತಿತ್ತು. "ಬಿಡೋ, ನೀನು ಕಾಯಿ ತುರಿ" ಅಂತ ಅವನನ್ನು ಎಬ್ಬಿಸಿದ. ಫ್ರಿಜ್ಜಿನ ಮೇಲೆ ಒಂದು ಚೀಟಿ ಅಂಟಿಸಿತ್ತು: ಹಾಲು, ಗ್ಯಾಸು, ಕೆಲಸದಮ್ಮನ ಸಂಬಳ, ಯಾರು ಎಷ್ಟು ಕೊಟ್ಟರು. ಶಿರೋನ ಲೆಕ್ಕದ ಪುಸ್ತಕ ನೋಡುವಾಗೆಲ್ಲ ನನಗೆ ಆ ಚೀಟಿ ನೆನಪಾಗುತ್ತದೆ. ನಮ್ಮಲ್ಲೂ ಆ ಕಥೆ ಇದೆ. ಅದನ್ನು ನೋಡುವವರಿಲ್ಲ.

ನಮ್ಮ ಸೀರಿಯಲ್ಲುಗಳನ್ನೇ ನೋಡಿ. ಅಡುಗೆಮನೆ ಇಲ್ಲದ ಸೀರಿಯಲ್ಲು ಒಂದಿಲ್ಲ. ಆದರೆ ಅಲ್ಲಿ ಒಗ್ಗರಣೆ ಚಟಪಟ ಅನ್ನೋದು ಕೇಳೋದೇ ಇಲ್ಲ. ಜರಿ ಸೀರೆ ಉಟ್ಟ ಸೊಸೆ, ಬಾಗಿಲಲ್ಲಿ ನಿಂತ ಅತ್ತೆ, ಹಾಲಿನಲ್ಲಿ ಯಾರೋ ಏನೋ ಬೆರೆಸುವುದು. ಗಂಡಸು ಒಳಗೆ ಬಂದರೆ ನೀರು ಕುಡಿಯೋಕೆ. ಟೊಮೆಟೊ ಎಷ್ಟು ರೂಪಾಯಿ ಅಂತ ಯಾವ ಪಾತ್ರವೂ ಕೇಳಿದ್ದು ನಾನು ನೋಡಿಲ್ಲ. ನೂರಾರು ಕಂತು ಎಳೆದರೂ ಎಲ್ಲ ಮದುವೆ ಸುತ್ತಲೇ. ಮದುವೆ ಆದ ಮೇಲಿನ ಸುಮ್ಮನೆ ಸಂಸಾರಕ್ಕೆ ಜಾಗವೇ ಇಲ್ಲ. ಜಪಾನಿನ ಈ ಸರಣಿಯ ಒಂದು ಸೀಸನ್ ಮೂರು ತಿಂಗಳಿಗೆ ಮುಗೀತು. ಎರಡನೇ ಸೀಸನ್ ಪೂರ್ತಿ ಪ್ರೇಮ ಹುಟ್ಟಿ ಎಷ್ಟೋ ವರ್ಷ ಆದ ಮೇಲಿನ ಬದುಕು: ವಯಸ್ಸಾಗುವುದು, ಕೊಬ್ಬು ಕಮ್ಮಿ ತಿನ್ನುವುದು, ಅಪ್ಪ ಅಮ್ಮನ ಮುಪ್ಪು. "ವಯಸ್ಸಾದ ಮೇಲೆ ಯಾರಪ್ಪಾ ನೋಡ್ಕೋತಾರೆ?" ಅಂತ ನಮ್ಮ ಹಿರಿಯರು ಕೇಳುತ್ತಾರಲ್ಲ, ಅವರನ್ನೆಲ್ಲ ಕೂರಿಸಿ ಇದನ್ನು ತೋರಿಸಬೇಕು ಅನ್ನಿಸುತ್ತದೆ.

ಅಜ್ಜಿ ಹೇಳಿದ ಮೇಲೆ ಮೊದಲ ಸೀಸನ್ನಿನ ಮೊದಲ ಕಂತಿನ ಅನ್ನ ನಾನೂ ಮಾಡಿದೆ. ಅಕ್ಕಿಯ ಜೊತೆಗೇ ಸಾಲ್ಮನ್ ಮೀನು, ಗೋಬೋ ಅನ್ನೋ ಬೇರು, ಮಾಯಿತಾಕೆ ಅಣಬೆ ಹಾಕಿ ಬೇಯಿಸುವುದು. ಮೀನು ಬಿಟ್ಟೆ. ಗೋಬೋವನ್ನು ಪೆನ್ಸಿಲ್ ಕೆತ್ತಿದ ಹಾಗೆ ತೆಳ್ಳಗೆ ಹೆರೆದು ನೀರಿಗೆ ಹಾಕಬೇಕು, ಇಲ್ಲದಿದ್ದರೆ ಬಾಳೆಕಾಯಿ ಹಾಗೆ ಕಪ್ಪಾಗುತ್ತದೆ. ಕುಕ್ಕರ್ ಮುಚ್ಚಳ ತೆಗೆದಾಗ ಮಳೆ ಬಿದ್ದ ಮಣ್ಣಿನ ವಾಸನೆ ಬಂತು. ಅದರ ಫೋಟೋ ತಮ್ಮನಿಗೆ ಕಳಿಸಿದೆ. "ಅಣ್ಣ, ಇದಕ್ಕೆ ವಾಂಗಿಬಾತ್ ಪುಡಿ ಹಾಕಿದ್ರೆ ಹೇಗಿರತ್ತೆ ಅಂತ ಕೇಳ್ತಿದಾನೆ" ಅಂತ ಉತ್ತರ ಬಂತು. ಅವತ್ತಿನಿಂದ ವಾರಕ್ಕೊಮ್ಮೆ ನಾವು ಮೂವರೂ ಅಡುಗೆ ಫೋಟೋ ಕಳಿಸಿಕೊಳ್ಳುತ್ತೇವೆ.

ಜಪಾನ್ ಎಲ್ಲ ಸರಿ ಇದೆ ಅಂತ ಇಷ್ಟು ಹೊತ್ತು ಬರೆದ ಹಾಗಾಯಿತು. ಹಾಗಿಲ್ಲ, ಅದನ್ನೂ ಹೇಳಲೇಬೇಕು. ಈ ಸರಣಿ ಬಂದದ್ದು ಶುಕ್ರವಾರ ನಡುರಾತ್ರಿ ದಾಟಿದ ಮೇಲೆ. ಕಥೆಯ ಶಿರೋ ಆಫೀಸಿನಲ್ಲಿ ಯಾರಿಗೂ ಹೇಳಿಕೊಂಡಿಲ್ಲ. ಅವನ ಅಮ್ಮ ಮಗನನ್ನು ಒಪ್ಪಿಕೊಳ್ಳುವಾಗ, ನೀನು ಅಪರಾಧಿ ಆದರೂ ಸರಿ, ಗೇ ಆದರೂ ಸರಿ ಅನ್ನೋ ಅರ್ಥದ ಮಾತಾಡುತ್ತಾಳೆ. ಪ್ರೀತಿಯಿಂದಲೇ ಆಡುತ್ತಾಳೆ, ಆದರೆ ಎರಡನ್ನೂ ಒಂದೇ ತಟ್ಟೆಯಲ್ಲಿ ಇಡುತ್ತಾಳೆ. ಹೊಸ ವರ್ಷಕ್ಕೆ ಕೆಂಜಿಯನ್ನು ಮನೆಗೆ ಕರೆಸಿಕೊಂಡವಳಿಗೆ ಅದನ್ನು ತಡೆದುಕೊಳ್ಳಲಾಗದೆ, ಇನ್ನು ಮೇಲೆ ಕರೆತರಬೇಡ ಅನ್ನುವ ಸಂಗತಿ ಸಿನಿಮಾದಲ್ಲಿ ಬರುತ್ತದೆ. ಮದುವೆಯ ಕಾನೂನು ಇಲ್ಲೂ ಇಲ್ಲ. ಶಿಬುಯಾ, ಸೆತಗಾಯಾ ವಾರ್ಡುಗಳು 2015ರಲ್ಲಿ ಸಲಿಂಗ ಜೋಡಿಗಳಿಗೆ ಸಂಗಾತಿಗಳು ಅಂತ ಒಪ್ಪುವ ಒಂದು ಪತ್ರ ಕೊಡಲು ಶುರುಮಾಡಿದವು, ಇಡೀ ಟೋಕಿಯೊಗೆ ಅದು ಬಂದದ್ದು 2022ರ ನವೆಂಬರಿನಲ್ಲಿ. ಆ ಪತ್ರದಿಂದ ಆಸ್ತಿಯ ಹಕ್ಕು ಬರುವುದಿಲ್ಲ. ಹಾಗಾಗಿ ಇದೇ ಸರಣಿಯಲ್ಲಿ ವಯಸ್ಸಾದ ಒಬ್ಬ, ತನ್ನ ದುಡ್ಡೆಲ್ಲ ತನ್ನ ಸಂಗಾತಿಗೇ ಸೇರಲಿ ಅಂತ ಅವನನ್ನು ದತ್ತು ತೆಗೆದುಕೊಳ್ಳಲು ಲಾಯರ್ ಶಿರೋನ ಸಲಹೆ ಕೇಳುತ್ತಾನೆ. ಕಟ್ಟಿಕೊಂಡವನನ್ನೇ ಮಗ ಅಂತ ಬರೆಸಬೇಕು. ಆ ದೃಶ್ಯ ನೋಡಿ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಮೂರನೇ ಮಹಡಿಯ ಅಜ್ಜಿ ಏನೂ ಕೇಳಲಿಲ್ಲ ಅಂತ ನಾನು ಖುಷಿಪಟ್ಟೆ. ಆದರೆ ಇಲ್ಲಿ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಆರು ವರ್ಷದಲ್ಲಿ ಅವರು ನಮ್ಮ ಹೊಸಿಲು ದಾಟಿಲ್ಲ, ನಾವು ಅವರದು ದಾಟಿಲ್ಲ. ಅವರಿಗೆ ಅಂಥ ಒಬ್ಬ ಮೊಮ್ಮಗ ಇದ್ದರೆ ಏನನ್ನುತ್ತಿದ್ದರು ಅಂತ ನನಗೆ ಗೊತ್ತಾಗುವ ದಾರಿಯೇ ಇಲ್ಲ. ಕನ್ನಡದವರು ಹಿಂದೆ ಬಿದ್ದಿದ್ದಾರೆ ಅಂತಲೂ ಹೇಳಲಾರೆ. ಸಲಿಂಗಿ ಬದುಕಿನ ಕಥೆಗಳ ಪುಸ್ತಕ, ವಸುಧೇಂದ್ರರ 'ಮೋಹನಸ್ವಾಮಿ', 2013ರಲ್ಲೇ ಬಂದಿತ್ತು. ಜನ ಓದಿದರು, ನಮ್ಮ ತಮ್ಮ ನನಗೆ ಮೊದಲು ಮನಸ್ಸು ಬಿಚ್ಚಿದ್ದು ಆ ಪುಸ್ತಕ ನನ್ನ ಕೈಗಿಟ್ಟು.

ಕಳೆದ ಸಲ ಊರಿಂದ ಹೊರಡುವಾಗ ಅಮ್ಮ ಡಬ್ಬಿ ತುಂಬುತ್ತಿದ್ದಳು. ನನಗೊಂದು ಚಟ್ನಿಪುಡಿ, ಮೆಂತ್ಯದ ಹಿಟ್ಟು. ತಮ್ಮನಿಗೆ ಬೆಂಗಳೂರಲ್ಲಿ ಕೊಡು ಅಂತ ಇನ್ನೊಂದು ಸ್ಟೀಲ್ ಡಬ್ಬಿ. ಮುಚ್ಚಳ ಹಾಕಿದವಳು ಮತ್ತೆ ತೆಗೆದಳು. ಎರಡು ಸೌಟು ಜಾಸ್ತಿ ಹಾಕಿ ಒತ್ತಿದಳು. "ಇಬ್ರಿಗೂ ಸಾಕಾಗತ್ತೇನೋ ಇದು?" ಅಂದಳು. ಸಾಕಾಗತ್ತಮ್ಮ ಅಂದೆ. ಇನ್ನೇನೋ ಕೇಳುತ್ತಾಳೆ ಅಂತ ನಿಂತೆ. ಆ ಹುಡುಗನ ಹೆಸರು ಕೇಳಲಿ ಅಂತ ಕಾದೆ. ಕೇಳಲಿಲ್ಲ. ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿ, ಎಣ್ಣೆ ಸೋರತ್ತೆ, ನೆಟ್ಟಗೆ ಇಟ್ಕೋ ಅಂದಳು.